ಸ್ವಗತದಿಂದ ದುರಂತದವರೆಗೆ

ಬೇರೆ ಪಾಠ ಮಾಡುವಾಗ ನನಗೆ ಏನೂ ಆಗುವುದಿಲ್ಲ. ನಾಟಕದ ಪಾಠ ತೆಗೆದರೆ ಸಾಕು, ಎಂತಾದರೂ ಒಂದು ಆಗಿಯೇ ಆಗ್ತದೆ. ಐವತ್ತರ ದಶಕದ ಕೊನೆಗೆ ನಾನು ಹೈಸ್ಕೂಲಿನ ಕನ್ನಡ ಮಾಸ್ತರ, ಅದೂ ಟೆಂಪರರಿ. ರಜೆ ಹಾಕಿದವರ ಜಾಗಕ್ಕೆ ಹೋಗುವುದು, ಅವರು ಬಂದ ಕೂಡಲೇ ಟ್ರಂಕು ಎತ್ತುವುದು. ಕೆಲಸ ಖಾಯಂ ಆಗದೆ ಮದುವೆಯ ಮಾತೇ ಬೇಡ ಎಂದು ನಾನು ನೋಡಿ ಒಪ್ಪಿದ ಹುಡುಗಿಯ ಅಪ್ಪ ಬೇರೆ ಹೇಳಿಬಿಟ್ಟಿದ್ದರು.

ಬಂಟ್ವಾಳದ ಸ್ವಗತ

"ಸ್ವಗತ ಅಂದರೆ ಪಾತ್ರ ತನ್ನಷ್ಟಕ್ಕೆ ಆಡುವ ಮಾತು. ಪ್ರೇಕ್ಷಕರಿಗೆ ಕೇಳ್ತದೆ, ರಂಗದ ಮೇಲೆ ನಿಂತ ಇನ್ನೊಬ್ಬನಿಗೆ ಕೇಳುವುದಿಲ್ಲ" ಎಂದು ವಿವರಿಸಿದೆ. ಮರುದಿನ ಪಾಠದ ನಡುವೆ ಹಿಂದಿನ ಬೆಂಚಿನವನೊಬ್ಬ ಗಟ್ಟಿಯಾಗಿ, "ಇವರು ನಿಲ್ಲಿಸುವ ಹಾಗೆ ಕಾಣುವುದಿಲ್ಲ" ಅಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನನಗೆ ಪಿತ್ತ ನೆತ್ತಿಗೇರಿತು.

"ಎಂತ ಹೇಳಿದೆ?"

"ಸ್ವಗತ ಸಾರ್. ಇವರಿಗೆಲ್ಲ ಕೇಳಿದ್ದು ಸರಿ, ನಿಮಗೆ ಕೇಳಬಾರದಿತ್ತು."

ಎತ್ತಿದ ಬೆತ್ತ ಇಳಿಸಿದೆ. ಅವನೊಬ್ಬನಿಗಾದರೂ ಪಾಠ ತಲೆಗೆ ಹೋಗಿತ್ತು.

ಬೆಳ್ತಂಗಡಿಯ ನೇಪಥ್ಯ

"ನೇಪಥ್ಯ ಅಂದರೆ ಯಕ್ಷಗಾನದ ಚೌಕಿ ಇದ್ದ ಹಾಗೆ, ವೇಷ ಕಟ್ಟುವ ಜಾಗ" ಎಂದು ಕಲಿಸಿದ್ದೆ. ನಮ್ಮ ಜನಕ್ಕೆ ಚೌಕಿಗೆ ಹೋಗಿ ಬಣ್ಣ ಹಚ್ಚುವುದನ್ನು ನೋಡದಿದ್ದರೆ ಆಟ ನೋಡಿದ ಹಾಗೇ ಅಲ್ಲ. ಶಾಲೆಯ ನಾಟಕದ ದಿನ ಕುರ್ಚಿಗಳೆಲ್ಲ ಖಾಲಿ. ಹಿಂದೆ ಹೋಗಿ ನೋಡಿದರೆ ಊರಿಗೆ ಊರೇ ನೇಪಥ್ಯದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದೆ.

"ಎದುರಿಗೆ ಬನ್ನಿ, ನಾಟಕ ಶುರು ಮಾಡುವ" ಅಂದೆ.

ಒಬ್ಬ ಹಿರಿಯರು ಕದಲಲಿಲ್ಲ. "ನೀವು ಶುರು ಮಾಡಿ ಮಾಸ್ಟ್ರೆ. ನಾವು ಇದನ್ನು ಮುಗಿಸಿ ಬರ್ತೇವೆ."

ಮೂಡಬಿದ್ರೆಯ ದುರಂತ

ಇಲ್ಲಿ ಕನ್ನಡ ಮಾಸ್ತರರ ಖಾಯಂ ಜಾಗವೇ ಖಾಲಿ ಇತ್ತು. "ವಾರ್ಷಿಕೋತ್ಸವಕ್ಕೆ ಶಾಲಾ ಇನ್‌ಸ್ಪೆಕ್ಟರು ಬರ್ತಾರೆ. ಒಳ್ಳೆಯ ನಾಟಕ ಆಡಿಸಿ. ಅವರು ಮೆಚ್ಚಿದರೆ ನೀವು ಖಾಯಂ" ಎಂದರು ಹೆಡ್‌ಮಾಸ್ಟ್ರು. ನಾನು ಪಾಠದಲ್ಲಿದ್ದ ದುರಂತ ನಾಟಕವನ್ನೇ ಹಿಡಿದೆ. ಕೊನೆಗೆ ಮಂತ್ರಿಯ ಮಾತಿಗೆ ಒಪ್ಪಿ ರಾಜ ವಿಷ ಕುಡಿದು ಸಾಯಬೇಕು. ರಾಜನ ಪಾತ್ರಕ್ಕೆ ಬೆಳುವಾಯಿಯ ಹುಡುಗ, ತಾಳಮದ್ದಳೆಯಲ್ಲಿ ಅರ್ಥ ಹೇಳಿ ಪಳಗಿದವ. ತಾಳಮದ್ದಳೆ ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ಆಡುವ ಯಕ್ಷಗಾನ. ಅಲ್ಲಿ ಮಾತು ಬರೆದಿಟ್ಟದ್ದಲ್ಲ; ಎದುರಿನವನಿಗೆ ವಾದದಲ್ಲಿ ಸೋತರೆ ಮರ್ಯಾದೆ ಹೋದ ಹಾಗೆ. ಅದು ನನಗೆ ಹೊಳೆಯಲಿಲ್ಲ.

ಮಂತ್ರಿ ಬಟ್ಟಲು ಚಾಚಿದ. "ರಾಜ್ಯದ ಕ್ಷೇಮಕ್ಕಾಗಿ ಇದನ್ನು ಕುಡಿಯಬೇಕು ಪ್ರಭು."

"ರಾಜನೇ ಇಲ್ಲದ ರಾಜ್ಯಕ್ಕೆ ಎಂಥ ಕ್ಷೇಮ, ಮಂತ್ರಿಗಳೇ?"

ಇದು ಪುಸ್ತಕದಲ್ಲಿ ಇರಲಿಲ್ಲ. ಮಂತ್ರಿ ಕಕ್ಕಾಬಿಕ್ಕಿಯಾದ. "ಪಾಯಿಂಟ್ ಉಂಟು" ಎಂದು ಸಭೆಯಲ್ಲಿ ಯಾರೋ ಅಂದರು. ನಾನು ಪರದೆಯ ಮರೆಯಿಂದ "ಕುಡಿ ಮಾರಾಯ, ಕುಡಿ" ಎಂದು ಗೋಗರೆದೆ. ನನ್ನ ಮದುವೆ ಆ ಬಟ್ಟಲಿನಲ್ಲಿತ್ತು.

ಅಷ್ಟರಲ್ಲಿ ಎದುರಿನ ಕುರ್ಚಿಯಿಂದ ಇನ್‌ಸ್ಪೆಕ್ಟರು ಎದ್ದರು. "ಮಂತ್ರಿ ಹಾಗೆ ಸುಮ್ಮನಾಗುವುದುಂಟಾ?" ಎನ್ನುತ್ತ ರಂಗ ಹತ್ತಿ, ಮಂತ್ರಿ ಪಾತ್ರದ ಹುಡುಗನ ಕೈಯಿಂದ ಬಟ್ಟಲು ತೆಗೆದುಕೊಂಡು ಅವನ ಪರ ತಾವೇ ವಾದಕ್ಕಿಳಿದರು. ಅವರೂ ತಾಳಮದ್ದಳೆಯವರೇ ಎಂದು ಯಾರಿಗೆ ಗೊತ್ತು?

"ಪ್ರಜೆಗಳಿಗಾಗಿ ಪ್ರಾಣ ಕೊಡುವವನೇ ರಾಜನಲ್ಲವೇ?"

"ಅದಕ್ಕೆ ರಾಜನ ಪ್ರಾಣವೇ ಏಕೆ? ಮಂತ್ರಿಗೂ ಒಂದು ಪ್ರಾಣ ಉಂಟಲ್ಲ?"

ಸಭೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಇನ್‌ಸ್ಪೆಕ್ಟರು ರಾಜನಿಗೆ ತಲೆಬಾಗಿ ಸೋಲು ಒಪ್ಪಿದರು. ಬಟ್ಟಲೆತ್ತಿ ವಿಷವನ್ನು, ಅಂದರೆ ಬೆಲ್ಲದ ಪಾನಕವನ್ನು, ಗಟಗಟ ಕುಡಿದು ಕೆಳಗಿಳಿದು ಕೂತರು. ಹೆಡ್‌ಮಾಸ್ಟ್ರ ಕಡೆಗೆ ತಿರುಗಿದರು.

"ಈ ಮಾಸ್ಟ್ರನ್ನು ಖಾಯಂ ಮಾಡಿ" ಎಂದರು ಇನ್‌ಸ್ಪೆಕ್ಟರು, ಬಾಯಿ ಒರೆಸುತ್ತ. "ಆದರೆ ಮುಂದಿನ ವರ್ಷ ಸುಖಾಂತ ಆಡಿಸಲಿ. ದುರಂತ ಆಡಿಸಿದರೆ ಈ ಊರಿನಲ್ಲಿ ಇನ್‌ಸ್ಪೆಕ್ಟರೇ ಸಾಯಬೇಕಾಗ್ತದೆ."