ಕಾಫಿ ಬೀದಿಗೆ ಟೀ ಜರಡಿ

ಗಾಂಧಿ ಬಜಾರಿನಲ್ಲಿ ಪಾತ್ರೆ ಅಂಗಡಿ ಇಟ್ಟವನಿಗೆ ಗಿರಾಕಿಯ ಮನಸ್ಸು ತಿಳಿಯಬೇಕಿಲ್ಲ. ಗಿರಾಕಿಯ ಪಕ್ಕದ ಮನೆ ತಿಳಿದರೆ ಸಾಕು. ಪ್ರತಿ ದಸರಾದಲ್ಲೂ ಇದು ರುಜುವಾಗುತ್ತದೆ. ಈ ಸಲ ಮಾತ್ರ ಅದು ನನ್ನ ಮೇಲೂ ತಿರುಗಿತು.

೧. ಮೊದಲ ಮನೆ

ಬೊಂಬೆ ನೋಡಲು ಬಂದ ಹೆಂಗಸರಿಗೆ ತಾಂಬೂಲದ ಜೊತೆ ಒಂದು ಪುಟ್ಟ ಸಾಮಾನು ಕೊಡುವುದು ನಮ್ಮ ಎನ್.ಆರ್. ಕಾಲೋನಿಯ ಪದ್ಧತಿ. ನನ್ನಲ್ಲೋ ಟೀ ಸೋಸುವ ಸ್ಟೀಲ್ ಜರಡಿ ಎರಡು ಮೂಟೆ ಧೂಳು ಹಿಡಿದು ಬಿದ್ದಿತ್ತು. ಬೀದಿಗೆ ಬೀದಿಯೇ ಫಿಲ್ಟರ್ ಕಾಫಿ ಕುಡಿಯುವ ಕಡೆ ಅದನ್ನು ತರಿಸಿದ್ದು ನನ್ನದೇ ದಡ್ಡತನ. ಹಬ್ಬದಲ್ಲಿ ಹೋಗದಿದ್ದರೆ ಇನ್ನೆಂದೂ ಹೋಗುವುದಿಲ್ಲ ಎಂದು ಒದ್ದಾಡುತ್ತಿದ್ದೆ.

ನಮ್ಮ ಬೀದಿಯ ಟೀಚರಮ್ಮ ಅಂಗಡಿಗೆ ಬಂದರು. "ಈ ಸಲ ಎಲ್ಲರೂ ಏನು ತಗೋತಿದಾರೆ?"

"ಜರಡಿ ಅಮ್ಮ."

ಹೇಳಿದಾಗ ಅದು ಸುಳ್ಳು. ಸಂಜೆ ಹೊತ್ತಿಗೆ ನಿಜವಾಗಿತ್ತು.

೨. ಒಬ್ಬರು ಸೆಟೆದು ನಿಂತರು

ಬ್ಯಾಂಕಿನಿಂದ ನಿವೃತ್ತರಾದ ಹೆಂಗಸೊಬ್ಬರು ಜರಡಿ ಮುಟ್ಟಲಿಲ್ಲ. "ಎಲ್ಲರೂ ಕೊಟ್ರೆ ನಾನೂ ಕೊಡಬೇಕಾ? ನಾನೇನು ಕುರೀನಾ? ಸೌಟು ಕೊಡ್ರೀ."

ಮಾರನೇ ಬೆಳಿಗ್ಗೆ ನಾನು ಬಾಗಿಲು ತೆಗೆಯುವ ಮೊದಲೇ ಸೌಟಿನ ಚೀಲ ಹಿಡಿದು ನಿಂತಿದ್ದರು. "ಬಂದೋರೆಲ್ಲ 'ಅಯ್ಯೋ, ನಿಮಗೆ ಜರಡಿ ಸಿಗಲಿಲ್ವಾ' ಅಂತ ಕನಿಕರಪಟ್ರು. ಬದಲಾಯಿಸಿ ಕೊಡಿ."

೩. ವಾಪಸ್

ಹಬ್ಬ ಮುಗಿದ ಮೇಲೆ ಟೀಚರಮ್ಮ, ಬ್ಯಾಂಕಿನವರು ಇಬ್ಬರೂ ಬಂದರು, ಹಿಂದೆ ಬೀದಿಯ ಅರ್ಧ ಹೆಂಗಸರು.

"ಒಂದೊಂದು ಮನೇಲಿ ಹದಿನೇಳು ಜರಡಿ ಇದೆ," ಎಂದರು ಬ್ಯಾಂಕಿನವರು. "ನಾವು ಟೀನೇ ಕುಡಿಯಲ್ಲ. ವಾಪಸ್ ತಗೊಳ್ಳಿ."

ಎರಡು ಮೂಟೆ ಮತ್ತೆ ನನ್ನ ತಲೆ ಮೇಲೆ.

"ತಗೋಳೋಣ. ಆದ್ರೆ ತಾಂಬೂಲದಲ್ಲಿ ಬಂದದ್ದನ್ನ ಯಾರೂ ಅಂಗಡಿಗೆ ಹಿಂದಕ್ಕೆ ಕೊಡಲ್ಲ. ನಿಮ್ಮಲ್ಲಿ ಮೊದಲು ಯಾರು ಕೊಡ್ತೀರಿ?"

ಬ್ಯಾಂಕಿನವರು ಟೀಚರಮ್ಮನ ಮುಖ ನೋಡಿದರು. ಟೀಚರಮ್ಮ ಫ್ಯಾನ್ ನೋಡಿದರು. ಐದೇ ನಿಮಿಷದಲ್ಲಿ ಅಂಗಡಿ ಖಾಲಿ. ಜರಡಿಗಳೂ ಅವರ ಜೊತೆಗೇ ಹೋದವು.

೪. ಗೆದ್ದವನ ಲೋಟ

ಗೆದ್ದ ಖುಷಿಯಲ್ಲಿ ಮನೆಗೆ ಬಂದೆ. ಹೆಂಡತಿ ಲೋಟ ಕೊಟ್ಟಳು. ಬಾಯಿಗಿಟ್ಟರೆ ಟೀ.

"ಬೀದಿಯವರೆಲ್ಲ ಇವತ್ತು ತೀರ್ಮಾನ ಮಾಡಿದ್ವಿ, ಜರಡಿ ದಂಡ ಆಗಬಾರದಲ್ಲ," ಎಂದಳು.

"ನನಗೆ ಕಾಫಿ ಕೊಡು."

"ನಿಮ್ಮೊಬ್ಬರಿಗೆ ಯಾರು ಡಿಕಾಕ್ಷನ್ ಹಾಕ್ತಾರೆ?"

ಲೋಟ ಹಿಡಿದು ಜಗುಲಿಗೆ ಬಂದೆ. ಎದುರು ಮನೆಯ ರಾಯರು ಕಷಾಯ ಕುಡಿದಂತೆ ಮುಖ ಕಿವುಚಿ ಗುಟುಕರಿಸುತ್ತಿದ್ದರು. ನನ್ನನ್ನು ಕಂಡು ಮುಖ ಸರಿಮಾಡಿಕೊಂಡರು.

"ಟೀ ಚೆನ್ನಾಗಿರುತ್ತೆ, ಅಲ್ವಾ?"

ಉಳಿದಿದ್ದನ್ನು ಉಸಿರು ಬಿಗಿಹಿಡಿದು ಇಳಿಸಿದೆ. "ಬಹಳ ಚೆನ್ನಾಗಿರುತ್ತೆ ಸಾರ್. ಇನ್ನೊಂದು ಲೋಟ ಕೇಳೋಣ ಅಂತಿದ್ದೆ."

ಒಳಗೆ ಹೆಂಡತಿಗೆ ಕೇಳಿಸಿತು. ತಂದೇಬಿಟ್ಟಳು.