ಮಗಳಿಗೆ ಟೀಚರ್ ಹುಡುಕಲು ಹೋಗಿ

ಮಗಳಿಗೆ ತಕ್ಕ ಗಣಿತದ ಟೀಚರನ್ನು ಹುಡುಕುವುದು ಒಂದು ಭಾನುವಾರದ ಕೆಲಸ ಎಂದು ನಾನು ತಿಳಿದಿದ್ದೆ. ಬೆಳಿಗ್ಗೆ ಹೋದರೆ ಮಧ್ಯಾಹ್ನದ ಊಟಕ್ಕೆ ವಾಪಸ್. ಕೊಪ್ಪದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಫೋಟೋ ಸ್ಟುಡಿಯೋ ನಡೆಸುತ್ತಿರುವ ಮನುಷ್ಯ ನಾನು. ಎಂಥೆಂಥ ಮುಖಗಳನ್ನೋ ಸ್ಟೂಲಿನ ಮೇಲೆ ಕೂರಿಸಿ, "ಇಲ್ಲಿ ನೋಡಿ, ಕಣ್ಣು ಮಿಟುಕಿಸ್ಬೇಡಿ" ಎಂದು ಗದರಿ ಸರಿಮಾಡಿದ್ದೇನೆ. ಒಬ್ಬ ಟೀಚರನ್ನು ಗುರುತಿಸಲಾರೆನೇ?

ಮಗಳು ಸಿಂಚನಾ ಒಂಬತ್ತನೇ ತರಗತಿ. ಉಳಿದ ಪಾಠಗಳಲ್ಲಿ ಪರವಾಗಿಲ್ಲ. ಗಣಿತದ ಪುಸ್ತಕ ತೆರೆದ ಕೂಡಲೇ ಮಾತ್ರ ಅವಳ ಕಣ್ಣು ಕಿಟಕಿಯ ಕಡೆ ಹೊರಟುಬಿಡುತ್ತದೆ. ಹೊರಗೆ ಮಂಜು ಇರಬಹುದು, ಬಿಸಿಲಿರಬಹುದು, ಎದುರು ಮನೆಯ ಬೆಕ್ಕು ಮೈ ನೆಕ್ಕಿಕೊಳ್ಳುತ್ತಿರಬಹುದು. ಏನೂ ಇಲ್ಲದಿದ್ದರೂ ಅವಳಿಗೆ ಸಾಕು. ಕರೆದರೆ ಬಹಳ ದೂರದಿಂದ ನಡೆದು ಬಂದವಳಂತೆ "ಹಾಂ?" ಎನ್ನುತ್ತಾಳೆ.

"ನಿನ್ನದೇ ಪಡಿಯಚ್ಚು ಮಾರಾಯ" ಎನ್ನುತ್ತಾಳೆ ನಮ್ಮ ಜೊತೆಗಿರುವ ನನ್ನ ಅಮ್ಮ. "ನಿನ್ನ ಮೇಷ್ಟ್ರು ಎಷ್ಟು ಸಲ ನನ್ನನ್ನ ಶಾಲೆಗೆ ಕರೆಸಿಲ್ಲ!"

ಹೆಂಡತಿ ಮಾಲತಿ ಸೊಸೈಟಿಯಲ್ಲಿ ಗುಮಾಸ್ತೆ. ಲೆಕ್ಕದಲ್ಲಿ ಗಟ್ಟಿ. ಮೂರು ದಿನ ಅವಳೇ ಪಾಠ ಮಾಡಿದಳು. ಟೇಬಲ್ಲಿಗೆ ಬಡಿದು ಬಡಿದು ಎರಡು ಸ್ಕೇಲು ಮುರಿದವು. ನಾಲ್ಕನೇ ದಿನ ತಾಯಿ ಮಗಳು ಒಬ್ಬರೊಡನೊಬ್ಬರು ಮಾತಾಡುತ್ತಿರಲಿಲ್ಲ. ನಡುವೆ ನಾನು ಉಪ್ಪು, ಸಾರು ದಾಟಿಸುತ್ತಿದ್ದೆ.

ನಗುವ ವಿಷಯ ಎಂದೇ ನಾನು ಅಂದುಕೊಂಡಿದ್ದೆ. ಆದರೆ ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆ ಬಂದ ದಿನ ಸಿಂಚನಾ ನೇರವಾಗಿ ಸ್ಟುಡಿಯೋಕ್ಕೆ ಬಂದಳು. ಗಿರಾಕಿಗಳು ಕೂರುವ ಸ್ಟೂಲಿನ ಮೇಲೆ ಕೂತಳು.

"ಅಪ್ಪ, ನಾನು ದಡ್ಡಿ ಅಲ್ವಾ?"

"ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ. ನಂಗೇ ಗೊತ್ತಾಯ್ತು. ನಾನು ಹತ್ತನೇ ಕ್ಲಾಸಿಗೆ ಹೋಗಲ್ಲ. ಇಲ್ಲೇ ನಿನ್ನ ಜೊತೆ ಕೂತ್ಕೋತೀನಿ."

ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ತಣ್ಣಗೆ, ತೀರ್ಮಾನ ಮುಗಿಸಿದವಳ ಹಾಗೆ ಹೇಳಿದಳು. ಹದಿನಾಲ್ಕು ವರ್ಷದ ಮಗು ತನ್ನನ್ನು ತಾನೇ ದಡ್ಡಿ ಎಂದು ನಂಬಿ ಕೂತರೆ ಅದಕ್ಕಿಂತ ದೊಡ್ಡ ನಷ್ಟ ಏನಿದೆ?

ಕೊಪ್ಪದಲ್ಲೇ ಒಂದು ಟ್ಯೂಷನ್ನಿಗೆ ಸೇರಿಸಿದೆ. ಬೆಂಚಿಗೆ ಆರು ಮಕ್ಕಳು. ಇವಳಿಗೆ ಸಿಕ್ಕಿದ್ದು ಕಿಟಕಿಯ ಪಕ್ಕದ ಜಾಗ! ಒಂದು ವಾರದಲ್ಲಿ ಎದುರಿನ ಮರದಲ್ಲಿ ಎಷ್ಟು ಗೂಡುಗಳಿವೆ ಎಂದು ಕಲಿತು ಬಂದಳು. ಆಮೇಲೆ ನರಸಿಂಹರಾಜಪುರದಿಂದ ಒಬ್ಬ ಮೇಷ್ಟ್ರನ್ನು ಮನೆಗೇ ಕರೆಸಿದೆ. ಅವರ ಮಾತು ಘಾಟಿ ಇಳಿಯುವ ಬಸ್ಸು. ಇವಳು ಪ್ರಶ್ನೆ ಓದುವುದರೊಳಗೆ ಅವರು ಉತ್ತರ ಹೇಳಿ, ಮುಂದಿನ ಅಧ್ಯಾಯ ಮುಗಿಸಿ, ಮನೆಗೆ ಹೊರಟಿರುತ್ತಿದ್ದರು.

ಆಗ ನಾನು ಒಂದು ಬಿಳಿ ಹಾಳೆ ತೆಗೆದುಕೊಂಡು ಬೇಕಾದ ಅರ್ಹತೆಗಳನ್ನು ವಿಧಿವತ್ತಾಗಿ ಬರೆದೆ. ಸದರಿ ಶಿಕ್ಷಕರು ನಿಧಾನವಾಗಿ ಮಾತನಾಡತಕ್ಕದ್ದು. ಗದರತಕ್ಕದ್ದಲ್ಲ. ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೂ ಮುಖ ಕಪ್ಪಗಾಗತಕ್ಕದ್ದಲ್ಲ. ಕಿಟಕಿ ಇದ್ದಲ್ಲಿ ಪರದೆ ಹಾಕತಕ್ಕದ್ದು.

"ಇಂಥವರು ಎಲ್ಲಿ ಸಿಗ್ತಾರೆ ರೀ? ಸಿಕ್ಕಿದ್ರೆ ನಾನೇ ಸೇರ್ತೀನಿ" ಎಂದಳು ಮಾಲತಿ.

ಸಿಕ್ಕಿದರು! ಪಾಸ್‌ಪೋರ್ಟ್ ಫೋಟೋ ತೆಗೆಸಲು ಬಂದ ಗಿರಾಕಿಯೊಬ್ಬ ಹೇಳಿದ. ಶೃಂಗೇರಿಯ ಆಚೆ ಬೇಗಾರಿನಲ್ಲಿ ವಸಂತಿ ಟೀಚರ್ ಅಂತ ಇದ್ದಾರೆ, ನಿವೃತ್ತರು, ಭಾನುವಾರ ಬೆಳಿಗ್ಗೆ ಜಗಲಿಯಲ್ಲೇ ಪಾಠ, ಕಲ್ಲಿಗೂ ಗಣಿತ ಬರಿಸುತ್ತಾರೆ ಎಂದು. ನಾನು ಕಲ್ಲಿಗಿಂತ ಸ್ವಲ್ಪ ಮೇಲಿನ ಮಗುವಿನ ತಂದೆ. ಮೊದಲು ಒಬ್ಬನೇ ಹೋಗಿ, ಸುಮ್ಮನೆ ಕೂತು, ಪಾಠ ಹೇಗೆ ಮಾಡುತ್ತಾರೆ ನೋಡಿ, ಒಪ್ಪಿಗೆಯಾದರೆ ಮಾತ್ರ ವಿಷಯ ಎತ್ತುವುದು ಎಂದು ತೀರ್ಮಾನಿಸಿದೆ. ಎರಡು ಸಲ ಸುಟ್ಟುಕೊಂಡಿದ್ದೆನಲ್ಲ!

ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಕಿಟಕಿಯ ಗಾಜಿನ ಮೇಲೆ ಮಂಜು ಕೂತಿತ್ತು. ಬೆರಳಿನಿಂದ ಒರೆಸಿ ಒಂದು ಸಣ್ಣ ಕಿಂಡಿ ಮಾಡಿಕೊಂಡೆ. ಆ ಕಿಂಡಿಯೊಳಗೆ ಸಿಂಚನಾ ದೊಡ್ಡವಳಾಗಿ ಕಾಲೇಜಿಗೆ ಹೋದಳು, ಪದಕ ಹಾಕಿಸಿಕೊಂಡಳು, ಫೋಟೋ ತೆಗೆಯಲು ನಾನೇ ಹೋದೆ. "ಕಣ್ಣು ಮಿಟುಕಿಸ್ಬೇಡ ಮಗಾ" ಎನ್ನುತ್ತಿರುವಾಗ ಕಂಡಕ್ಟರ್ ಭುಜ ತಟ್ಟಿದ. ಬೇಗಾರು ಎರಡು ಸ್ಟಾಪ್ ಹಿಂದೆ ಹೋಗಿತ್ತು.

ನಡೆದು ವಾಪಸ್ ಬರುವಷ್ಟರಲ್ಲಿ ಪಾಠ ಶುರುವಾಗಿತ್ತು. ಜಗಲಿಯಲ್ಲಿ ನಾಲ್ಕು ಮಕ್ಕಳು. ಅವರ ಪಕ್ಕದಲ್ಲಿ ಖಾಕಿ ಪ್ಯಾಂಟಿನ ಮಂಜಪ್ಪ. ಅರಣ್ಯ ಇಲಾಖೆಯ ವಾಚರ್, ವಯಸ್ಸು ನಲವತ್ತರ ಮೇಲೆ, ಪ್ರಮೋಷನ್ನಿಗೆ ಬೇಕೆಂದು ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದವನು.

"ಬನ್ನಿ ಬನ್ನಿ" ಎಂದರು ವಸಂತಿ ಟೀಚರ್. ಬೆಳ್ಳನೆ ಕೂದಲು, ಮೆತ್ತಗಿನ ದನಿ. "ಕೂತ್ಕೊಳಿ. ಮೊದ್ಲು ಕಾಫಿ ಕುಡೀರಿ."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮನೆಗೆ ಬಂದವರನ್ನು "ಎಂತಕ್ಕೆ ಬಂದ್ರಿ?" ಎಂದು ಕೇಳುವ ಪದ್ಧತಿ ಇಲ್ಲ. ಬಂದವರೂ ಬಂದ ಕೂಡಲೇ ಹೇಳುವುದಿಲ್ಲ. ಮೊದಲು ಕಾಫಿ, ಆಮೇಲೆ ಬಸ್ಸಿನ ವಿಚಾರ, ಆಮೇಲೆ ಇವರಿಗೂ ಅವರಿಗೂ ಗೊತ್ತಿರುವ ಮೂರನೆಯವರ ಆರೋಗ್ಯ. ಕೊನೆಗೆ ಹೊರಡುವಾಗ, ಚಪ್ಪಲಿಗೆ ಕಾಲು ತೂರಿಸುತ್ತಾ, "ಅಂದ ಹಾಗೆ..." ಎಂದು ಬಂದ ವಿಷಯ ತೆಗೆಯಬೇಕು. ನಾನು ಮರ್ಯಾದಸ್ಥ. ಚಪ್ಪಲಿಯ ಹೊತ್ತಿಗೆ ಕಾಯುತ್ತಾ ಕೂತೆ.

ಟೀಚರ್ ನನ್ನ ಕೈಗೂ ಒಂದು ನೋಟ್‌ಬುಕ್ಕು, ಪೆನ್ಸಿಲ್ಲು ಕೊಟ್ಟರು. ಪೋಷಕರಿಗೂ ಅನುಭವವಾಗಲಿ ಎಂದಿರಬೇಕು, ಎಷ್ಟು ಒಳ್ಳೆಯ ಪದ್ಧತಿ ಎಂದು ಮೆಚ್ಚಿದೆ. ಬೋರ್ಡಿನ ಮೇಲೆ ಬರೆದರು: ಮೂರು ಎಕ್ಸ್ ಪ್ಲಸ್ ಏಳು, ಈಕ್ವಲ್ಸ್ ಇಪ್ಪತ್ತೆರಡು. ಜಗಲಿಯ ಮುಂದೆ ಕೊಯ್ದ ಗದ್ದೆ. ಅದರಲ್ಲಿ ಒಂದು ಬೆಳ್ಳಕ್ಕಿ ಒಂದೇ ಕಾಲಿನಲ್ಲಿ ನಿಂತಿತ್ತು. ಇನ್ನೊಂದು ಕಾಲನ್ನು ಎಲ್ಲಿಟ್ಟುಕೊಂಡಿದೆ ಎಂದು ನೋಡುತ್ತಾ ಹೋದೆ...

"ಕೊಪ್ಪದವ್ರು ಹೇಳಿ, ಎಕ್ಸ್ ಎಷ್ಟು?"

"ಒಂದು" ಎಂದೆ. ಮಕ್ಕಳು ನಕ್ಕವು. ಟೀಚರ್ ನಗಲಿಲ್ಲ.

ಹೊರಡುವಾಗ ಚಪ್ಪಲಿಗೆ ಕಾಲು ತೂರಿಸಿದೆ. "ಅಂದ ಹಾಗೆ ಟೀಚರ್..." ಎಂದೆ.

"ಗೊತ್ತಾಯ್ತು" ಎಂದರು ಟೀಚರ್. "ಈ ವಯಸ್ಸಲ್ಲಿ ಕಲಿಯಕ್ಕೆ ಬಂದಿದೀರಲ್ಲ, ಅದೇ ದೊಡ್ಡದು. ನಾಚ್ಕೋಬೇಡಿ. ಮಂಜಪ್ಪಂದೂ ಮೊದ್ಲು ಹೀಗೇ ಇತ್ತು. ಈ ಐದು ಲೆಕ್ಕ ಮಾಡ್ಕೊಂಡು ಬನ್ನಿ."

ಟೀಚರ್ ನನ್ನನ್ನೇ ಶಿಷ್ಯ ಎಂದುಕೊಂಡಿದ್ದರು! ಆದರೆ ಆ ಮುಖದ ಸಂತೋಷ ನೋಡಿ "ನಾನಲ್ಲ, ಮಗಳು" ಎನ್ನಲು ಬಾಯಿ ಬರಲಿಲ್ಲ. ಮುಂದಿನ ವಾರ ಹೇಳಿದರಾಯಿತು ಎಂದುಕೊಂಡು ಬಸ್ಸು ಹತ್ತಿದೆ.

"ಏನಂದ್ರು?" ಎಂದಳು ಮಾಲತಿ.

"ಇನ್ನೊಂದು ಸಲ ಬನ್ನಿ ಅಂದ್ರು."

ಎರಡನೇ ಭಾನುವಾರ ಚಪ್ಪಲಿಯ ಹೊತ್ತಿಗೆ ಸರಿಯಾಗಿ ಬಸ್ಸಿನ ಹಾರನ್ ಕೇಳಿತು. ಓಡಿದೆ. ಮೂರನೇ ಭಾನುವಾರ ಕಿರುಪರೀಕ್ಷೆ. ಇಪ್ಪತ್ತೈದಕ್ಕೆ ನನಗೆ ನಾಲ್ಕು, ಮಂಜಪ್ಪನಿಗೆ ಹತ್ತೊಂಬತ್ತು! "ಬೇಜಾರು ಮಾಡ್ಕೋಬೇಡಿ ಅಣ್ಣ, ಡೈಲಿ ಒಂದು ಗಂಟೆ ಕೂರ್ಬೇಕು" ಎಂದು ಅವನು ನನ್ನ ಬೆನ್ನು ತಟ್ಟಿದ. ಇಷ್ಟಾದ ಮೇಲೆ "ನಾನು ನಿಮ್ಮನ್ನು ಪರೀಕ್ಷಿಸಲು ಬಂದವನು" ಎಂದು ಟೀಚರಿಗೆ ಯಾವ ಮುಖ ಹೊತ್ತು ಹೇಳುವುದು?

ನಿಜ ಹೇಳುತ್ತೇನೆ. ಹೇಳದೇ ಇದ್ದದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ಜೀವಮಾನದಲ್ಲಿ ಯಾರೂ ನನಗೆ ಅಷ್ಟು ಮೆತ್ತಗೆ ಪಾಠ ಹೇಳಿರಲಿಲ್ಲ. ಆ ಜಗಲಿಯಲ್ಲಿ ಕೂತರೆ ನನಗೆ ಸುಖವಾಗುತ್ತಿತ್ತು.

ಹೋಂವರ್ಕಿನ ನೋಟ್‌ಬುಕ್ಕನ್ನು ಸ್ಟುಡಿಯೋದ ಡ್ರಾಯರಿನಲ್ಲಿ ಫೋಟೋ ಕವರುಗಳ ಕೆಳಗೆ ಬಚ್ಚಿಟ್ಟಿದ್ದೆ. ಎರಡನೇ ವಾರವೇ ಒಂದು ಸಂಜೆ ಸಿಂಚನಾ ಕತ್ತರಿ ಹುಡುಕುತ್ತಾ ಅದನ್ನು ಹೊರತೆಗೆದುಬಿಟ್ಟಿದ್ದಳು.

"ಅಪ್ಪ, ಇದ್ಯಾರ್ದು?"

ತಪ್ಪೊಪ್ಪಿಕೊಂಡೆ. ನಿನ್ನ ಅಮ್ಮನಿಗೆ ಹೇಳಬೇಡ ಎಂದು ಬೇಡಿಕೊಂಡೆ. ಅವಳು ಸ್ಟೂಲಿನಿಂದ ಬೀಳುವಷ್ಟು ನಕ್ಕಳು. ಗಣಿತದ ಪುಸ್ತಕ ಕೈಯಲ್ಲಿದ್ದಾಗ ಅವಳು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನಗು ನಿಂತ ಮೇಲೆ ಪೆನ್ಸಿಲ್ ಎತ್ತಿಕೊಂಡಳು.

"ಈ ಏಳು ಆ ಕಡೆ ಹೋದ್ರೆ ಮೈನಸ್ ಆಗ್ಬೇಕು."

"ಯಾಕೆ?"

ಅವಳಿಗೂ ಗೊತ್ತಿರಲಿಲ್ಲ. "ನಾಳೆ ಹೇಳ್ತೀನಿ" ಎಂದಳು. ಮರುದಿನ ಶಾಲೆಯಲ್ಲಿ ಕೇಳಿಕೊಂಡು ಬಂದಳು. ನನಗೆ ಅರ್ಥವಾಗಲಿಲ್ಲ. ಬೇರೆ ಥರ ಹೇಳಿದಳು. ಆಗಲೂ ಆಗಲಿಲ್ಲ. ಕೊನೆಗೆ ಕಪಾಟಿನಿಂದ ಹಳೆಯ ರೀಲ್ ಡಬ್ಬಿಗಳನ್ನು, ಅಜ್ಜಿಯ ಸಂಚಿಯಿಂದ ಅಡಿಕೆ ಚೂರುಗಳನ್ನು ತಂದು ಟೇಬಲ್ಲಿನ ಮೇಲೆ ಹರಡಿದಳು.

"ಮೂರು ಡಬ್ಬಿ. ಮೂರರಲ್ಲೂ ಒಂದೇ ಲೆಕ್ಕದಲ್ಲಿ ಚೂರು ಹಾಕಿದೀನಿ. ಎಷ್ಟು ಅಂತ ನಿಂಗೆ ಹೇಳಲ್ಲ. ಡಬ್ಬಿ ಪಕ್ಕ ಏಳು ಚೂರು. ಇದೆಲ್ಲ ಸೇರಿದ್ರೆ ಆ ಕಡೆ ಇರೋ ಇಪ್ಪತ್ತೆರಡು ಚೂರಿಗೆ ಸಮ. ಈ ಕಡೆಯಿಂದ ಏಳು ತೆಗೀತೀನಿ. ಸಮ ಇರ್ಬೇಕಾದ್ರೆ ಆ ಕಡೆಯಿಂದ್ಲೂ ತೆಗೀಬೇಕಲ್ಲ? ಉಳಿದಿದ್ದು ಹದಿನೈದು. ಮೂರು ಡಬ್ಬಿಗೆ ಹಂಚಿದ್ರೆ?"

"ಐದು!" ಎಂದೆ. ನಲವತ್ತೆಂಟು ವರ್ಷ ಕತ್ತಲಲ್ಲಿದ್ದ ಒಂದು ಕೋಣೆಗೆ ಯಾರೋ ದೀಪ ಹಾಕಿದಂತಾಯಿತು.

ಅವಳು ಗೆಲುವಿನಿಂದ ಒಂದು ಡಬ್ಬಿ ತೆರೆದಳು. ಒಳಗೆ ನಾಲ್ಕೇ ಇತ್ತು! ಇಬ್ಬರೂ ಗಾಬರಿಯಾದೆವು. ಅವಳು ನನ್ನ ದವಡೆಯನ್ನೇ ನೋಡಿದಳು.

"ಅಪ್ಪಾ! ನಾನು ಡಬ್ಬಿ ತುಂಬ್ತಾ ಇದ್ದಾಗ ಒಂದು ಚೂರು ಬಾಯಿಗೆ ಹಾಕ್ಕೊಂಡ್ಯಾ?"

ಹಾಕಿಕೊಂಡಿದ್ದೆ. ಏನೋ ಯೋಚನೆಯಲ್ಲಿದ್ದೆ.

ಅಲ್ಲಿಂದ ಪ್ರತಿ ಸಂಜೆ ನನಗೆ ಪಾಠ. ನನ್ನಂಥ ಶಿಷ್ಯನಿಗೆ ಹೇಳಿಕೊಡಬೇಕಾದರೆ ಒಂದೇ ಲೆಕ್ಕವನ್ನು ಐದು ದಾರಿಯಲ್ಲಿ ತಿಳಿದಿರಬೇಕು. ಅವಳು ತಿಳಿದುಕೊಂಡು ಬರುತ್ತಿದ್ದಳು. ಸ್ಟುಡಿಯೋಕ್ಕೂ ಒಂದು ಕಿಟಕಿ ಇದೆ. ಅದನ್ನು ಈಗ ನೋಡುತ್ತಿದ್ದವನು ನಾನೊಬ್ಬನೇ.

ನಾಲ್ಕನೇ ಭಾನುವಾರ ಮಾಲತಿಯ ತಾಳ್ಮೆ ಮುಗಿಯಿತು. "ಎಷ್ಟು ಸಲ ನೋಡ್ಕೊಂಡು ಬರ್ತೀರಿ? ಹೆಣ್ಣು ನೋಡಕ್ಕೂ ನೀವು ಒಂದೇ ಸಲ ಬಂದಿದ್ದು!" ಎಂದು ಮಗಳನ್ನೂ ಹೊರಡಿಸಿಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ನಾನು ಕಿಟಕಿಯ ಮಂಜು ಒರೆಸಲಿಲ್ಲ. ಏನೂ ಕಾಣದಿರುವುದೇ ಒಳ್ಳೆಯದು ಅನ್ನಿಸಿತ್ತು.

ನಮ್ಮನ್ನು ನೋಡಿ ವಸಂತಿ ಟೀಚರ್ ಎದ್ದು ಬಂದರು. "ಮನೆಯವ್ರೂ ಬಂದ್ರಾ? ಒಳ್ಳೇದಾಯ್ತು. ಇವ್ರ ವಿಷ್ಯ ನಾನೇ ಮಾತಾಡ್ಬೇಕು ಅಂತಿದ್ದೆ."

"ಇವ್ರ ವಿಷ್ಯವಾ?" ಎಂದಳು ಮಾಲತಿ.

"ಸ್ವಭಾವ ಬಹಳ ಒಳ್ಳೇದು. ಬುದ್ಧಿ ಇಲ್ಲ ಅಂತಲ್ಲ. ಮನಸ್ಸು ನಿಲ್ಲಲ್ಲ. ಬೆಳ್ಳಕ್ಕಿ ನೋಡ್ತಾ ಕೂತ್ಬಿಡ್ತಾರೆ. ನೀವು ಮನೆಯಲ್ಲಿ ಸ್ವಲ್ಪ ಗಮನ ಕೊಡ್ಬೇಕಮ್ಮ."

ಮಾಲತಿ ನನ್ನನ್ನು ನೋಡಿದಳು. ನಾನು ಬೆಳ್ಳಕ್ಕಿಯನ್ನು ನೋಡಿದೆ. ಆದರೂ ಅವಳು ನಮ್ಮ ಕಡೆಯವಳೇ. ಕಾಫಿ ಕುಡಿದು, ಉಪ್ಪಿಟ್ಟು ತಿಂದು, ಬಸ್ಸಿನ ವಿಚಾರ ಮುಗಿಸಿ, ಆಮೇಲೆಯೇ ನಿಜ ವಿಷಯ ಹೇಳಿದ್ದು.

ಟೀಚರ್ ಕೆನ್ನೆಗೆ ಕೈ ಹಿಡಿದುಕೊಂಡರು. "ಅಯ್ಯೋ ದೇವ್ರೇ! ಬಂದವ್ರನ್ನ ಎಂತಕ್ಕೆ ಬಂದ್ರಿ ಅಂತ ಕೇಳೋದು ಹೇಗೆ ಹೇಳಿ? ಹಾಗಾದ್ರೆ ಹೋದ ವಾರ ಇವ್ರ ಹೋಂವರ್ಕ್ ಸರಿ ಇತ್ತಲ್ಲ, ಯಾರು ಮಾಡಿದ್ದು?"

"ಅಪ್ಪನೇ ಮಾಡಿದ್ದು. ನಾನು ಹೇಳ್ಕೊಟ್ಟೆ" ಎಂದಳು ಸಿಂಚನಾ.

ಟೀಚರ್ ಬೋರ್ಡಿನ ಮೇಲೆ ಒಂದು ಹೊಸ ಲೆಕ್ಕ ಬರೆದು ಸೀಮೆಸುಣ್ಣ ಅವಳ ಕೈಗೆ ಕೊಟ್ಟರು. ಅವಳ ಕಣ್ಣು ಒಂದು ಸಲ ಗದ್ದೆಯ ಕಡೆ ಹೋಯಿತು. ಆಮೇಲೆ ಅವಳು ನನ್ನ ಕಡೆ ತಿರುಗಿ, "ಅಪ್ಪ, ಡಬ್ಬಿ ಅಂದ್ಕೋ" ಎಂದು ಶುರು ಮಾಡಿದಳು. ಕೊನೆಯವರೆಗೂ ಒಂದೇ ಸಮನೆ ಹೇಳಿದಳು. ಉತ್ತರ ಸರಿ ಇತ್ತು. ಮಂಜಪ್ಪ ಚಪ್ಪಾಳೆ ತಟ್ಟಿದ. ನನ್ನ ಕಣ್ಣು ಒದ್ದೆಯಾಯಿತು. ಮಾಲತಿಯದೂ ಆಗಿತ್ತು, ಅವಳು ಒಪ್ಪುವುದಿಲ್ಲ.

"ಇವ್ಳಿಗೆ ಬೇಕಾಗಿದ್ದು ಟೀಚರ್ ಅಲ್ಲ, ಒಬ್ಬ ಒಳ್ಳೇ ಶಿಷ್ಯ, ಸಿಕ್ಕಿದಾನೆ" ಎಂದರು ಟೀಚರ್. "ಭಾನುವಾರ ಇವ್ಳೂ ಬರ್ಲಿ. ಆದ್ರೆ ನೀವು ಬಿಡೋ ಹಾಗಿಲ್ಲ. ನಿಮ್ಗೆ ಹೇಳ್ಕೊಡಕ್ಕೇ ಇವ್ಳು ಕಲೀತಾ ಇರೋದು."

ವಾರ್ಷಿಕ ಪರೀಕ್ಷೆಯಲ್ಲಿ ಸಿಂಚನಾ ಗಣಿತದಲ್ಲಿ ಚೆನ್ನಾಗಿಯೇ ಪಾಸಾದಳು. ಹತ್ತನೇ ಕ್ಲಾಸಿನ ಪುಸ್ತಕಗಳಿಗೆ ಬೈಂಡ್ ಹಾಕಿಸಿಕೊಂಡಳು. ದಡ್ಡಿ ಎಂಬ ಮಾತು ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ. ಅದನ್ನು ನೆನೆದುಕೊಂಡು ಮೊನ್ನೆ ಸ್ಟುಡಿಯೋದಲ್ಲಿ ಕಿಟಕಿ ನೋಡುತ್ತಾ ಸುಖವಾಗಿ ಕೂತಿದ್ದೆ. ಪದಕದ ಫೋಟೋವರೆಗೂ ಹೋಗಿದ್ದೆ. ಅಷ್ಟರಲ್ಲಿ ನನ್ನ ನೋಟ್‌ಬುಕ್ಕು ಟೇಬಲ್ಲಿನ ಮೇಲೆ ದಪ್ಪೆಂದು ಬಿತ್ತು. ಕೆಂಪು ಶಾಯಿಯಲ್ಲಿ, ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿತ್ತು: "ಪಾಠದ ಕಡೆ ಗಮನವಿಲ್ಲ. ಕಿಟಕಿ ನೋಡುತ್ತಾರೆ. ಪೋಷಕರ ಸಹಿ ಕಡ್ಡಾಯ."

"ಸಹಿ ಇಲ್ದೆ ನಾಳೆ ಪಾಠ ಇಲ್ಲ" ಎಂದಳು ನಮ್ಮ ಪುಟ್ಟ ಟೀಚರಮ್ಮ.

ಮನೆಗೆ ಬಂದು ಅಮ್ಮನ ಮುಂದೆ ನೋಟ್‌ಬುಕ್ಕು ಹಿಡಿದು ನಿಂತೆ. ಎಪ್ಪತ್ತಾರು ವರ್ಷದ ಅಮ್ಮ ಕನ್ನಡಕ ಏರಿಸಿಕೊಂಡು ಓದಿದಳು. ಆಶ್ಚರ್ಯವೇನೂ ಪಡಲಿಲ್ಲ. ಪೆನ್ನಿಗೆ ಕೈ ಚಾಚಿದಳು.

"ಈಗ ಎಷ್ಟನೇ ಕ್ಲಾಸೋ?"

"ಒಂಬತ್ತು" ಎಂದೆ.

"ಇನ್ನೂ?" ಎಂದು ಅಮ್ಮ ಸಹಿ ಹಾಕಿದಳು.