ಕಿಟಕಿ ಪಕ್ಕದ ಸೀಟಿನಲ್ಲಿ ಕೂತು ಹೋದ ಬ್ಯಾಗು

ಬಸ್ಸಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ನಂಜನಗೂಡು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ನಂಬಿಕೆಗೆ ಆಧಾರವೂ ಇತ್ತು. ಇಪ್ಪತ್ತೆರಡು ವರ್ಷದಿಂದ ನಂಜನಗೂಡಿಗೂ ಮೈಸೂರಿನ ಕಚೇರಿಗೂ ದಿನಾ ಬಸ್ಸಿನಲ್ಲಿ ಓಡಾಡುತ್ತಿರುವ ಗುಮಾಸ್ತ ನಾನು. ಬಸ್ಸು ಇನ್ನೂ ನಿಲ್ದಾಣದೊಳಕ್ಕೆ ತಿರುಗುತ್ತಿರುವಾಗಲೇ ಅದರ ಪಕ್ಕದಲ್ಲಿ ಓಡುತ್ತಾ, ಕಿಟಕಿಯಿಂದ ಟವೆಲ್ ಎಸೆದು, ಬೇಕಾದ ಸೀಟಿನ ಮೇಲೆ ಬೀಳಿಸುವ ವಿದ್ಯೆ ನನಗೆ ಕರಗತ. ಟವೆಲ್ ಬಿದ್ದ ಸೀಟು ಟವೆಲ್ಲಿನವನದು. ಇದಕ್ಕೆ ಸರ್ಕಾರದ ಆದೇಶವಿಲ್ಲ, ಸುತ್ತೋಲೆಯಿಲ್ಲ. ಆದರೂ ನಮ್ಮ ಕಡೆ ಇದನ್ನು ಮೀರಿದವರನ್ನು ನಾನು ಕಂಡಿಲ್ಲ.

ಹೀಗಿರುವಾಗ ಮೈಸೂರಿನ ಸ್ಟೇಡಿಯಂನಲ್ಲಿ ದೊಡ್ಡ ಗಾಯಕರೊಬ್ಬರ ಸಂಗೀತ ಕಾರ್ಯಕ್ರಮ ಏರ್ಪಾಡಾಯಿತು. ನಮ್ಮ ಸಾಹೇಬರು ನನಗೆ ನಾಲ್ಕು ಪಾಸು ಕೊಟ್ಟರು. ನನ್ನ ಹೆಂಡತಿ ರತ್ನ ಪಾಸು ನೋಡಿ ಅರಳಿದಳು. ಆ ಗಾಯಕರ ಒಂದು ಹಾಡನ್ನು ಅವಳು ಮದುವೆಗೆ ಮುಂಚಿನಿಂದಲೂ ರೇಡಿಯೋದಲ್ಲಿ ಕೇಳಿಕೊಂಡು ಬಂದವಳು. ಆದರೆ ಅರಳಿದ ಮುಖ ಮರುಕ್ಷಣವೇ ಗಂಭೀರವಾಯಿತು.

"ಬತ್ತೀನಿ. ಆದ್ರೆ ಬೆಳಿಗ್ಗೆ ಐದೂವರೆಗೆ ನಾನು ಡೈರಿ ಬಾಗ್ಲು ತೆಗೀಬೇಕು. ಆರೂಮುಕ್ಕಾಲಿಗೆ ಹಾಲಿನ ಗಾಡಿ ಬತ್ತದೆ, ಒಂದ್ ನಿಮ್ಷ ನಿಲ್ಲಲ್ಲ. ತಪ್ಪಿದ್ರೆ ಊರ ಹಾಲೆಲ್ಲಾ ಮೋರಿಗೆ."

ರತ್ನ ಹೆಡತಲೆ ಪಕ್ಕದ ನಮ್ಮೂರಿನ ಹಾಲಿನ ಡೈರಿಯ ಸೆಕ್ರೆಟರಿ. ಒಂಬತ್ತು ವರ್ಷದಲ್ಲಿ ಒಂದು ದಿನವೂ ಬಾಗಿಲು ತಡವಾಗಿಲ್ಲ ಎಂಬುದು ಅವಳ ಹೆಮ್ಮೆ. ಇಷ್ಟುದ್ದ ಮರದ ತುಂಡಿಗೆ ಕಟ್ಟಿದ ಆ ಬೀಗದ ಕೈಯನ್ನು ಅವಳು ಯಾರ ಕೈಗೂ ಕೊಡುವವಳಲ್ಲ. ನನ್ನ ಕೈಗಂತೂ ಕೊಡುವವಳೇ ಅಲ್ಲ!

"ಹತ್ತು ಗಂಟೆಗೆ ನಿನ್ನನ್ನು ಮನೇಲಿ ಮಲಗಿಸಿರ್ತೀನಿ. ಬಸ್ಸಿನ ವಿಚಾರ ನನಗೆ ಬಿಡು" ಎಂದೆ.

ಬಿಟ್ಟಳು. ಅವಳು ಮಾಡಿದ ತಪ್ಪು ಅದೊಂದೇ.

ಉಳಿದ ಎರಡು ಪಾಸಿಗೆ ಪಕ್ಕದ ಮನೆಯ ಮಾದೇವು ಮತ್ತು ಅವನ ಹೆಂಡತಿ ಶಿವಮ್ಮನನ್ನು ಕರೆದುಕೊಂಡೆವು. ಶಿವಮ್ಮ ಅದೇ ಡೈರಿಯಲ್ಲಿ ಹಾಲಿನ ಗುಣಮಟ್ಟ ನೋಡುವ ಟೆಸ್ಟರ್. ಹೊರಡುವಾಗ ರತ್ನ ನನ್ನ ಹೆಗಲ ಮೇಲಿದ್ದ ಟವೆಲ್ ಎಳೆದು ಬಾಗಿಲ ಮೇಲೆ ಹಾಕಿದಳು. "ಅಷ್ಟ್ ದೊಡ್ಡ ಕಾರ್ಯಕ್ರಮಕ್ಕೆ ಟವೆಲ್ ಹಾಕ್ಕಂಡ್ ಬತ್ತಾರಾ?" ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ನಮ್ಮ ಎರಡು ಬೈಕುಗಳನ್ನು ನಿಲ್ಲಿಸಿ, ಬಸ್ಸು ಹಿಡಿದು ಮೈಸೂರು ಸೇರಿದೆವು.

ಕಾರ್ಯಕ್ರಮ ಶುರುವಾಗುವ ಮುಂಚೆ ನಾನು ರತ್ನಳ ಫೋನನ್ನು ಆಫ್ ಮಾಡಿಸಿ ಅವಳ ಬ್ಯಾಗಿಗೆ ಹಾಕಿಸಿದೆ. ಹಾಡುವಾಗ ಫೋನು ಬಡಿದುಕೊಂಡರೆ ಮರ್ಯಾದೆಯಲ್ಲ ಎಂಬುದು ನನ್ನ ಅಭಿಪ್ರಾಯ. ಆಮೇಲೆ ಗಾಯಕರು "ಎಲ್ಲರೂ ನಿಮ್ಮ ಫೋನಿನ ಲೈಟು ಹಾಕಿ" ಎಂದಾಗ ನಾನು ನನ್ನ ಫೋನಿನ ಟಾರ್ಚು ಹಾಕಿ ಮೂರು ಹಾಡಿನಷ್ಟು ಹೊತ್ತು ಬೀಸಿದೆ. ಅವರು ಹೇಳಿದ್ದು ಒಂದೇ ಹಾಡಿಗೆ. ನನಗೆ ಆರಿಸುವುದು ತಿಳಿಯಲಿಲ್ಲ.

ಒಂಬತ್ತು ಗಂಟೆಯ ಹೊತ್ತಿಗೆ ಗಾಯಕರು ನೀರು ಕುಡಿದು, "ಇನ್ನು ಕೊನೆಯ ಹಾಡು" ಎಂದರು. ರತ್ನ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು. ಅವಳು ಮೂರು ಗಂಟೆ ಕಾದದ್ದು ಆ ಹಾಡಿಗೇ. ನಾನು ಎದ್ದು ನಿಂತೆ.

"ನಡಿ. ಈಗ ಎದ್ದರೆ ಸೀಟು. ಹಾಡು ಮುಗಿದ ಮೇಲೆ ಎದ್ದರೆ ಫುಟ್‌ಬೋರ್ಡು."

"ಒಂದ್ ಹಾಡು ಕಣ್ರೀ!"

"ಬೆಳಿಗ್ಗೆ ಡೈರಿ ಬೇಕೋ, ಹಾಡು ಬೇಕೋ?"

ಡೈರಿ ಅಂದ ಮೇಲೆ ಅವಳು ಕೂತಾಳೆಯೇ? ಎದ್ದಳು. ಮಾದೇವು ಮಾತ್ರ ಅಲುಗಲಿಲ್ಲ. "ನಾವು ಕೇಳ್ಕಂಡೇ ಬತ್ತೀವಿ ಕಣಣ್ಣ. ಬಸ್ ಎಲ್ಲಿಗೋದದು?" ಎಂದ. ನನಗೆ ಅವನ ಮೇಲೆ ಕನಿಕರ ಹುಟ್ಟಿತು. ಹಿಂದಿನಿಂದ ಹಾಡು ಶುರುವಾಯಿತು. ರತ್ನ ಗೇಟಿನವರೆಗೂ ಹಿಂದಕ್ಕೆ ತಿರುಗಿಕೊಂಡೇ ನಡೆದಳು.

ಹೊರಗೆ ಬಂದು ನೋಡಿದರೆ ನನ್ನಷ್ಟೇ ಬುದ್ಧಿವಂತರು ಸಾವಿರಾರು ಜನ ಆಗಲೇ ಬಂದು ನಿಂತಿದ್ದರು! ಆದರೆ ನಿಂತಿದ್ದ ರೀತಿ ಮಾತ್ರ ವಿಚಿತ್ರವಾಗಿತ್ತು. ಮೈದಾನದ ಉದ್ದಕ್ಕೂ ಹಗ್ಗ ಕಟ್ಟಿ ಸಾಲು ಮಾಡಿದ್ದರು. ಒಂದೊಂದು ಸಾಲಿನ ಮುಂದೆ ಊರಿನ ಹೆಸರು ಬರೆದ ಬಟ್ಟೆ. ನಾಲ್ಕನೆಯದು ನಂಜನಗೂಡು, ಐದನೆಯದು ತಿ. ನರಸೀಪುರ. ಒಬ್ಬ ಕಂಟ್ರೋಲರ್ ಮೈಕ್ ಹಿಡಿದು, "ಯಾರೂ ಓಡಬೇಡಿ, ಎಲ್ಲರಿಗೂ ಬಸ್ ಇದೆ, ಒಂದರ ಹಿಂದೆ ಒಂದು ಬರ್ತಾ ಇದೆ" ಎಂದು ಕೂಗುತ್ತಿದ್ದ.

ಎಲ್ಲರಿಗೂ ಬಸ್ ಇದೆಯಂತೆ! ಇಪ್ಪತ್ತೆರಡು ವರ್ಷದಲ್ಲಿ ಇಂಥ ಮಾತನ್ನು ನಾನು ಎಷ್ಟು ಸಲ ಕೇಳಿಲ್ಲ? ಸಾಲು ಎನ್ನುವುದು ಬಸ್ಸಿನ ವಿದ್ಯೆ ತಿಳಿಯದವರಿಗೆ ಎಂದು ತೀರ್ಮಾನಿಸಿ, ರತ್ನಳನ್ನು ಕರೆದುಕೊಂಡು ಮೈದಾನದ ಹಿಂದೆ, ಖಾಲಿ ಬಸ್ಸುಗಳು ಒಳಕ್ಕೆ ತಿರುಗುವ ಮೂಲೆಗೆ ಹೋದೆ.

ಅಷ್ಟರಲ್ಲಿ ಬಂತು ಬಸ್ಸು. ಮುಂದೆ "ನಂಜನಗೂಡು" ಎಂಬ ಬೋರ್ಡು. ಹೆಗಲ ಮೇಲೆ ಕೈ ಹೋಯಿತು, ಟವೆಲ್ ಇಲ್ಲ. ಕರ್ಚೀಫ್ ಹಾಕಿದರೆ ತಕರಾರು ಬರುತ್ತದೆ, ಎಲ್ಲರ ಕರ್ಚೀಫೂ ಒಂದೇ ಥರ. ರತ್ನ ಚಪ್ಪಲಿಯ ಬಾರು ಸರಿಮಾಡಿಕೊಳ್ಳಲು ಬಗ್ಗಿದ್ದಳು. ಅದಕ್ಕಾಗಿ ಒಂದು ಕ್ಷಣ ಬ್ಯಾಗನ್ನು ನನ್ನ ಕೈಗೆ ಕೊಟ್ಟಿದ್ದಳು. ಒಂದೇ ಕ್ಷಣ! ನಾನು ಓಡಿದೆ, ಗುರಿ ನೋಡಿದೆ, ಎಸೆದೆ. ಸದರಿ ಬ್ಯಾಗು ಮೂರನೇ ಸಾಲಿನ ಕಿಟಕಿ ಪಕ್ಕದ ಸೀಟಿನ ಮೇಲೆ ದೇವರನ್ನು ಕೂರಿಸಿದ ಹಾಗೆ ಕೂತಿತು.

"ಏನ್ರೀ ಎಸೆದ್ರಿ?" ರತ್ನ ತಲೆಯೆತ್ತಿದಳು.

"ಸೀಟ್ ಹಿಡಿದೆ."

"ಯಾತ್ರಲ್ಲಿ?"

"ನಿನ್ನ ಬ್ಯಾಗಲ್ಲಿ."

"ಅದ್ರಲ್ಲಿ ಡೈರಿ ಬೀಗದ ಕೈ ಅದೆ ಕಣ್ರೀ!"

"ಇರ್ಲಿ ಬಿಡು, ಅದಕ್ಕೂ ಸೀಟು ಸಿಕ್ತು!"

ನಗುತ್ತಲೇ ಬಸ್ಸಿನ ಹಿಂದೆ ನಡೆದೆ. ಬಸ್ಸು ಮುಂದೆ ಹೋಗಿ ನಿಂತಿತು. ಕಂಡಕ್ಟರ್ ಇಳಿದ. ಹಿಂದಿನ ಟ್ರಿಪ್ಪಿನ "ನಂಜನಗೂಡು" ಬೋರ್ಡನ್ನು ತೆಗೆದು, ತಿರುಗಿಸಿ, ಮತ್ತೆ ಸಿಕ್ಕಿಸಿದ. "ತಿ. ನರಸೀಪುರ"!

ನಾನು ಓಡಿದೆ. ಐದನೇ ಸಾಲಿನ ಜನ ಒಬ್ಬರ ಹಿಂದೆ ಒಬ್ಬರು ಶಿಸ್ತಾಗಿ ಹತ್ತುತ್ತಿದ್ದರು. ಬಾಗಿಲ ಬಳಿ ಇದ್ದ ಹೋಂಗಾರ್ಡ್ ಹೆಣ್ಣುಮಗಳು ಲಾಠಿ ಅಡ್ಡ ಹಿಡಿದಳು.

"ಸಾ, ಸಾಲಲ್ಲಿ ಬನ್ನಿ."

"ನನ್ನ ಸೀಟು ಒಳಗಿದೆ ಕಣಮ್ಮ!"

"ಸೀಟು ಒಳಗದೆ, ನೀವು ಹೊರಗಿದೀರಿ. ಸಾಲಲ್ಲಿ ಬನ್ನಿ."

"ಬ್ಯಾಗು ತಗೊಂಡು ಇಳಿದುಬಿಡ್ತೀನಿ!"

"ಇಂಗ್ ಹೇಳ್ಕಂಡ್ ಆಗ್ಲೇ ಹತ್ ಜನ ಹತ್ತವ್ರೆ ಸಾ. ಒಬ್ರೂ ಇಳೀಲಿಲ್ಲ."

ಬಸ್ಸು ತುಂಬಿತು, ಬಾಗಿಲು ಮುಚ್ಚಿತು, ಹೊರಟಿತು. ಇಪ್ಪತ್ತೆರಡು ವರ್ಷದಿಂದ ನಾನು ಮನಸಾರೆ ಬೈದುಕೊಂಡು ಬಂದ ಸಾರಿಗೆ ವ್ಯವಸ್ಥೆ ಅಂದು ಒಂದು ನಿಮಿಷವೂ ತಡಮಾಡಲಿಲ್ಲ. ಹಾಳಾದ್ದು, ಅಂದೇ ಸರಿಯಾಗಬೇಕಿತ್ತಾ?

ಮೈಕ್ ಹಿಡಿದ ಕಂಟ್ರೋಲರ್ ನನ್ನ ಅಹವಾಲು ಕೇಳಿ, "ಹಿಂದೆ ಬರೋ ಬಸ್ಸಲ್ಲಿ ಹೋಗಿ ತಗೊಳ್ಳಿ, ಸಾಲಲ್ಲಿ ನಿಂತ್ಕೊಳ್ಳಿ" ಎಂದು ಆದೇಶಿಸಿದ. ಅಷ್ಟರಲ್ಲಿ ಹಾಡು ಮುಗಿದು ಜನ ಬಂದು ಸೇರಿದ್ದರು. ಐದನೇ ಸಾಲಿನ ಬಾಲದಲ್ಲಿ ನಿಂತೆವು. ರತ್ನಳ ಫೋನಿಗೆ ಕರೆ ಮಾಡಿದೆ. ಸ್ವಿಚ್ ಆಫ್. ಮತ್ತೆ ಮಾಡಿದೆ. ಹದಿನೈದು ಸಲ ಮಾಡಿದೆ. "ನೀವೇ ಆಫ್ ಮಾಡ್ಸಿದ್ರಲ್ಲ" ಎಂದು ಅವಳು ನೆನಪಿಸುವ ಹೊತ್ತಿಗೆ, ಟಾರ್ಚು ಬೀಸಿ ಬೀಸಿ ಸೊರಗಿದ್ದ ನನ್ನ ಫೋನೂ ಪ್ರಾಣ ಬಿಟ್ಟಿತು. ಆಗ ಹಾಡು ಮುಗಿಸಿಕೊಂಡು ಮಾದೇವು, ಶಿವಮ್ಮ ನಿಧಾನವಾಗಿ ಹೊರಗೆ ಬಂದರು. ನಾಲ್ಕನೇ ಸಾಲಿನಲ್ಲಿ ನಿಂತರು. ಬಸ್ಸು ಬಂತು. ಹತ್ತಿದರು. ಕೂತರು! ನಾನು ಕೂಗಿದ್ದು ಆ ಗದ್ದಲದಲ್ಲಿ ಅವರಿಗೆ ಕೇಳಲೇ ಇಲ್ಲ.

ನಮ್ಮ ಬಸ್ಸಿನಲ್ಲಿ ನಮಗೆ ನಿಲ್ಲುವ ಜಾಗ ಸಿಕ್ಕಿತು. ಹೆಂಗಸರಿಗೆ ಪುಕ್ಕಟೆ ಪ್ರಯಾಣ, ಆದರೆ ಆಧಾರ್ ತೋರಿಸಬೇಕು. ಆಧಾರ್ ಬ್ಯಾಗಿನಲ್ಲಿದೆ. ಬ್ಯಾಗು ಮುಂದೆ ಹೋದ ಬಸ್ಸಿನಲ್ಲಿದೆ. "ಹಂಗಾದ್ರೆ ಟಿಕೆಟ್ ತಗೊಳ್ಳಿ" ಎಂದ ಕಂಡಕ್ಟರ್. ಸುತ್ತ ಕೂತವರೆಲ್ಲ ಕೊನೆಯ ಹಾಡು ಕೇಳಿ ಬಂದವರು. ಒಬ್ಬಾಕೆ ಹೇಳುತ್ತಿದ್ದಳು, "ಜನ ಬುಡ್ಲೇ ಇಲ್ಲ ಕಣವ್ವ, ಅದೇ ಹಾಡ ಎಲ್ಡ್ ಸಲ ಆಡುದ್ರು!"

ರತ್ನ ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಮೇಲಾಗಿತ್ತು. ಕಂಬಿ ಹಿಡಿದು ನಿಂತು, "ಬೆಳಿಗ್ಗೆ ಜನ ಹಾಲ್ ತಂದು ಬಾಗ್ಲಲ್ಲಿ ನಿಂತಿರ್ತಾರೆ" ಎಂದಳು, ಅಷ್ಟೇ.

ನರಸೀಪುರದಲ್ಲಿ ಇಳಿದು ನೋಡಿದರೆ ಮೊದಲ ಬಸ್ಸು ಇರಲಿಲ್ಲ. ನಿಲ್ದಾಣದ ವಯಸ್ಸಾದ ಕಂಟ್ರೋಲರ್ ಪುಸ್ತಕ ನೋಡಿ ಹೇಳಿದರು: "ಅದು ನಂಜನಗೂಡು ಡಿಪೋ ಗಾಡಿ. ಜನ ಇಳಿಸಿ, ಖಾಲಿ, ಸುತ್ತೂರು ದಾರೀಲಿ ವಾಪಸ್ ಹೋಯ್ತು. ಆಧಾರಲ್ಲಿ ನಂಜನಗೂಡು ತಾಲ್ಲೂಕು ಅಂತಿತ್ತು. ಅದಕ್ಕೇ ಕಂಡಕ್ಟ್ರು ಬ್ಯಾಗ್ನ ಅಲ್ಲೇ ಕೊಡ್ತೀನಿ ಅಂತ ತಗೊಂಡ್ ಹೋದ್ರು. ಒಳ್ಳೇ ಮನುಷ್ಯ."

ನಾವು ಹೋಗಬೇಕಾದ ಊರಿಗೆ ನಮ್ಮ ಬ್ಯಾಗು ಹೊರಟುಹೋಗಿತ್ತು! ನಮಗೆ ಬೆಳಿಗ್ಗೆ ಐದೂಕಾಲರವರೆಗೆ ಬಸ್ಸಿರಲಿಲ್ಲ. ಕಂಟ್ರೋಲರ್ ತಮ್ಮ ಫೋನು ಕೊಟ್ಟು, "ಯಾರಿಗಾದ್ರೂ ಮಾಡಿ" ಎಂದರು. ನನಗೆ ಬಾಯಿಪಾಠವಿರುವುದು ಎರಡೇ ನಂಬರು. ಒಂದು ನನ್ನದು, ಒಂದು ರತ್ನಳದು. ಫೋನನ್ನು ಹಿಂದಕ್ಕೆ ಕೊಟ್ಟೆ.

ಪಕ್ಕದ ಬೆಂಚಿನಲ್ಲಿ ಸೋಸಲೆಯ ಹೆಂಗಸೊಬ್ಬರು ಗಂಡನ ಬೈಕಿಗೆ ಕಾಯುತ್ತಾ ಕಾಲು ಒತ್ತಿಕೊಳ್ಳುತ್ತಿದ್ದರು. ನಮ್ಮ ಮಾತು ಕೇಳಿ ಎದ್ದು ಬಂದರು. "ಆ ಬ್ಯಾಗು ನಿಮ್ದಾ? ಅಯ್ಯೋ, ಅದ್ರ ಪಕ್ಕದಲ್ಲೇ ನಿಂತ್ಕಂಡ್ ಬಂದೆ ಕಣವ್ವ ನಾನು! ಯಾರೋ ಪಾಪ ಸೀಟ್ ಹಿಡ್ದವ್ರೆ, ಬತ್ತಾರೆ ಅಂತ. ಒಬ್ಬ ಕೂತ್ಕಳಕ್ ಬಂದ, ಬುಟ್ನಾ ನಾನು? ಕೊನೇವರ್ಗೂ ಯಾರ್ನೂ ಕೂರಕ್ ಬುಡ್ಲಿಲ್ಲ!"

"ಬ್ಯಾಗ್ ಎತ್ತಿ ಮಡಿಲಲ್ಲಿಟ್ಕೊಂಡು ನೀವೇ ಕೂತ್ಕೋಬಹುದಿತ್ತಲ್ಲಮ್ಮ?" ಎಂದೆ.

ಆಕೆ ನನ್ನನ್ನು ಬುದ್ಧಿಯಿಲ್ಲದವನನ್ನು ನೋಡುವ ಹಾಗೆ ನೋಡಿದರು. "ಅದೆಂಗಾದದು ಸಾ? ಬ್ಯಾಗ್ ಹಾಕವ್ರಲ್ಲ!"

ತುಂಬಿ ತುಳುಕುವ ಬಸ್ಸಿನಲ್ಲಿ, ಮೈಸೂರಿನಿಂದ ನರಸೀಪುರದವರೆಗೆ, ಅಷ್ಟೂ ಜನ ನಿಂತು ನನ್ನ ವಿದ್ಯೆಗೆ ಗೌರವ ಸಲ್ಲಿಸಿದ್ದರು. ಕಿಟಕಿ ಪಕ್ಕದಲ್ಲಿ ಗಾಳಿ ತೆಗೆದುಕೊಂಡು ಹೋದದ್ದು ಬ್ಯಾಗು. ಆ ತಾಯಿಯ ಕಾಲುನೋವು ನೋಡಿ ನನಗೆ ನಾಚಿಕೆಯಾಯಿತು.

ಆ ಬೆಂಚಿನ ಮೇಲೆಯೇ ಬೆಳಗಾಯಿತು. ಮೊದಲ ಬಸ್ಸಿನಲ್ಲಿ ನಂಜನಗೂಡಿಗೆ ಬಂದಾಗ ಆರೂಕಾಲು. ಬ್ಯಾಗು ಕೇಳಿದರೆ, "ರಾತ್ರೀನೇ ನಿಮ್ಮೂರೋರು ಯಾರೋ ತಗೊಂಡ್ ಹೋದ್ರು" ಎಂದರು. ಯಾರು ಎಂದು ಕೇಳೋಣವೆಂದರೆ ರಾತ್ರಿ ಪಾಳಿಯವರು ಮನೆಗೆ ಹೋಗಿದ್ದರು. ಬೈಕ್ ಹತ್ತಿ ಊರಿನ ಕಡೆ ದೌಡಾಯಿಸಿದೆವು. ಊರಿಗೆ ಇನ್ನೂ ಒಂದು ತಿರುವು ಇರುವಾಗ ಹಾಲಿನ ಗಾಡಿ ಎದುರಿಗೇ ಬಂದು ನಮ್ಮನ್ನು ದಾಟಿ ಹೋಯಿತು.

"ಖಾಲಿ ಹೋಯ್ತು" ಎಂದಳು ರತ್ನ. ಒಂಬತ್ತು ವರ್ಷದ ಹೆಮ್ಮೆ ನನ್ನ ಬೆನ್ನ ಹಿಂದೆ ಕೂತು ಅಳುತ್ತಿತ್ತು.

ಆದರೆ ಡೈರಿಯ ಬಾಗಿಲು ತೆರೆದಿತ್ತು. ನೆಲ ತೊಳೆದಿತ್ತು. ಶಿವಮ್ಮ ನಿಂತುಕೊಂಡೇ ಪುಸ್ತಕದಲ್ಲಿ ಕೊನೆಯ ಹೆಸರು ಬರೆಯುತ್ತಿದ್ದಳು. ಹಾಲೆಲ್ಲ ಸರಿಯಾದ ಹೊತ್ತಿಗೆ ಗಾಡಿ ಹತ್ತಿತ್ತು. ಮಾದೇವು ಹಲ್ಲುಜ್ಜುತ್ತಾ ಬಂದು ವರದಿ ಒಪ್ಪಿಸಿದ: "ಬಸ್ ಸ್ಟ್ಯಾಂಡಲ್ಲಿ ನಿನ್ ಬೈಕ್ ಇನ್ನೂ ನಿಂತಿತ್ತು ಕಣಣ್ಣ. ನಮಗಿಂತ ಮುಂಚೆ ಹೊಂಟೋರು ಯಾಕ್ ಬರ್ಲಿಲ್ಲ ಅಂತ ಕಾಯ್ತಾ ಕೂತ್ಕಂಡೋ. ನೀನ್ ಬರ್ಲಿಲ್ಲ, ಬ್ಯಾಗ್ ಬತ್ತು. ಮರದ ತುಂಡು ನೋಡ್ತಿದ್ದಂಗೇ ಶಿವಿ ಗುರುತಿಡಿದ್ಲು."

ರತ್ನ ಶಿವಮ್ಮನ ಕೈ ಹಿಡಿದುಕೊಂಡಳು. ಸೆಕ್ರೆಟರಿ ಕುರ್ಚಿಯ ಮೇಲೆ ಬ್ಯಾಗು ಕೂತಿತ್ತು.

"ಕೂತ್ಕಂಡು ಬರೀಬಾರದಿತ್ತಾ ಶಿವಮ್ಮ?" ಎಂದೆ.

"ಅದೆಂಗಣ್ಣ? ಅಕ್ಕನ್ ಬ್ಯಾಗ್ ಅದಲ್ಲ" ಎಂದಳು.

ಅಂದು ಸಂಜೆ ಹಸುವಿನ ಹಾಲು ಕರೆದುಕೊಂಡು ನಾನೇ ಡೈರಿಗೆ ಹೋದೆ. ದೊಡ್ಡ ಸಾಲಿತ್ತು. ಸೆಕ್ರೆಟರಿಯ ಗಂಡನೆಂಬ ಹಕ್ಕಿನಿಂದ, ಕೈ ತಾನಾಗಿಯೇ ಹೋಗಿ, ನನ್ನ ಕ್ಯಾನನ್ನು ಎಲ್ಲರಿಗಿಂತ ಮುಂದೆ ಇಟ್ಟು ಜಾಗ ಹಿಡಿಯಿತು. ರತ್ನ ತಕ್ಕಡಿ ಬಿಟ್ಟು ಎದ್ದು ಬಂದಳು. ಕ್ಯಾನು ಎತ್ತಿಕೊಂಡಳು. ಸಾಲಿನ ಉದ್ದಕ್ಕೂ ನಡೆದು, ಎಲ್ಲರೂ ನೋಡುತ್ತಿರುವಂತೆಯೇ, ಅದನ್ನು ಕಟ್ಟಕಡೆಯಲ್ಲಿ ಇಟ್ಟಳು.

"ಸಾಲಲ್ಲಿ ಬನ್ನಿ" ಎಂದಳು.

ನಿಂತೆ. ಅವಳು ವಾಪಸ್ ಹೋಗಿ ಕೂತು ಫೋನು ಆನ್ ಮಾಡಿದಳು. ಶಿವಮ್ಮ ರೆಕಾರ್ಡ್ ಮಾಡಿ ಅವಳಿಗೆ ಕಳಿಸಿದ್ದ ಆ ಕೊನೆಯ ಹಾಡು ಡೈರಿಯೊಳಗಿಂದ ಸಣ್ಣಗೆ ಶುರುವಾಯಿತು. ಮುಂದೆ ನಿಂತಿದ್ದವರೆಲ್ಲ ತಲೆದೂಗುತ್ತಿದ್ದರು. ನಾನು ಬಾಲದಲ್ಲಿ ನಿಂತು ಕಿವಿ ಚಾಚಿದೆ, ಎಮ್ಮೆಯೊಂದು ಕೂಗಿತು, ಏನೂ ಕೇಳಿಸಲಿಲ್ಲ. ನನ್ನ ಸರದಿ ಬರುವಷ್ಟರಲ್ಲಿ ಹಾಡು ಮುಗಿದಿತ್ತು.